ಪಂಕ್ತಿಯಿಂದ ಯಾರೂ ಏಳದ ಮಧ್ಯಾಹ್ನ

ಕಪ್ಪತಗುಡ್ಡ, ಕ್ರಿ.ಶ. ೨೩೯೧, ಫೆಬ್ರವರಿ ಮೂವತ್ತೊಂದು

ಪರಮಪೂಜ್ಯ ಪೂರ್ವಜರಲ್ಲಿ ಅಡವೆಪ್ಪನ ಸಾಷ್ಟಾಂಗ ವಿಜ್ಞಾಪನೆ. ಈ ತಾರೀಖು ನಿಮ್ಮಲ್ಲಿಲ್ಲವೆಂದು ಬಲ್ಲೆ, ನಮ್ಮಲ್ಲಿ ಮಂಜೂರಾಗಿದೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಗುಡ್ಡದ ಮೇಲೆ ಊರಿಗೆಲ್ಲ ಒಂದೇ ಒಲೆ. ಮಧ್ಯಾಹ್ನ ಎಲ್ಲರೂ ಪಂಕ್ತಿಯಲ್ಲಿ ಕೂತು ಉಣ್ಣುವಾಗ ಒಬ್ಬರು ಕಥೆ ಓದಬೇಕು. ಇದಕ್ಕೆ ಊಟಗತೆ ಎನ್ನುತ್ತೇವೆ. ದುಃಖ ಕೇಳಿದರೆ ಅನ್ನ ಅರಗುವುದಿಲ್ಲವೆಂದು ಹಿರಿಯರು ಹಿಂದೆಂದೋ ಹಳೆಯ ಕಥೆಗಳನ್ನೆಲ್ಲ ‘ನಗೆತಿದ್ದು’ ಮಾಡಿಸಿದರು. ಅಂದರೆ, ಸತ್ತವರು ಕೊನೆಯ ಪುಟದಲ್ಲಿ ಕಣ್ಣುಜ್ಜಿಕೊಳ್ಳುತ್ತ ಏಳುತ್ತಾರೆ. ಕಥೆ ಸುಖವಾಗಿ ಮುಗಿಯುವ ತನಕ ಪಂಕ್ತಿ ಬಿಟ್ಟೇಳುವುದು ಮಹಾ ಅಮಂಗಳ.

ನನ್ನ ಅಕ್ಕ ನೀಲವ್ವ ಮಾತ್ರ ಏಳುತ್ತಿದ್ದಳು. ಹೋದ ಮಳೆಗಾಲದಲ್ಲಿ ಅವಳ ಕೂಸು ಜ್ವರದಿಂದ ತೀರಿಕೊಂಡಿತ್ತು. ಕಥೆಯ ಕೂಸು ಎದ್ದು ಕೂತ ಕೂಡಲೇ ಅವಳು ತಾಟು ಸರಿಸಿ ಹೊರಟುಬಿಡುವಳು. ಉಣ್ಣದೆ ಉಣ್ಣದೆ ಕಡ್ಡಿಯಾಗಿದ್ದಳು.

ಆಗ ಗಾಳಿಯಂತ್ರದ ಬುಡಕ್ಕೆ ಒತ್ತು ಕೊಟ್ಟಿದ್ದ ಹಳೆಯ ಪುಸ್ತಕವೊಂದು ಸಿಕ್ಕಿತು. ತಿದ್ದುವವರ ಕೈತಪ್ಪಿ ಉಳಿದದ್ದು. ನನ್ನ ಪಾಳಿಯಲ್ಲಿ ಅದನ್ನೇ ಓದಿದೆ. ಉದ್ದೇಶವೇನೂ ಘನವಾದದ್ದಲ್ಲ, ನಮ್ಮ ಅಡುಗೆಯ ಚನ್ನವೀರಜ್ಜನ ಮುಖ ಹೇಗಾಗುವುದೋ ನೋಡಬೇಕಿತ್ತು.

ಕಥೆಯಲ್ಲಿ ಕೂಸು ಸತ್ತಿತು. ತಾಯಿ ದೇವರನ್ನು ಬೈದಳು, ಸಮಾಧಾನ ಹೇಳಬಂದವರನ್ನು ಕಸಬರಿಗೆ ಹಿಡಿದು ಅಟ್ಟಿದಳು. ಮರುದಿನ ರೊಟ್ಟಿ ಸುಟ್ಟಳು, ಸುಟ್ಟದ್ದನ್ನೇ ತಿಂದಳು, ಹೊಗೆ ಬಂತೆಂದ ನೆರೆಯವಳ ಜೊತೆ ಜಗಳಾಡಿದಳು. ಮುಗಿಯಿತು.

ಯಾರೂ ಏಳಲಿಲ್ಲ. ಮಜ್ಜಿಗೆ ತೀರಿತು. ಕೈಗಳು ಒಣಗಿದವು. ಎಂಜಲಿಗೆ ಕಾದಿದ್ದ ನಾಯಿಗಳು ಬೇಸತ್ತು ಮಲಗಿದವು.

“ಲೇ ಅಡವ್ಯಾ, ಕೂಸು ಯಾವಾಗ ಏಳತೈತೋ?” ಎಂದ ಅಜ್ಜ. “ನನ್ನ ಕಾಲು ಜೋಮು ಹಿಡದಾವು.”

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿದಳು: “ಏಳೂದಿಲ್ಲ ಯಜ್ಜಾ. ಹೋದ ಕೂಸು ಏಳೂದಿಲ್ಲ.”

ಅವಳು ತಾಟು ನೋಡುತ್ತ ಕೂತಿದ್ದಳು.

“ಆಕಿ ಜಗಳಾಡಿದ್ಲಂತಲ್ಲ,” ಎಂದಳು ಕೊನೆಗೆ. “ಹಂಗಾರ ಬದುಕ್ತಾಳ ತಗೋ.” ಎಂದವಳೇ ರೊಟ್ಟಿ ಮುರಿದಳು. “ಪಲ್ಯಾಕ್ಕ ಉಪ್ಪ ಹಾಕಿಲ್ಲಲ್ಲ ಯಜ್ಜಾ, ನಿದ್ದಿಗಣ್ಣಾಗ ಮಾಡಿಯೇನು?”

ಅಜ್ಜ ಬೈಸಿಕೊಂಡು, ಕಣ್ಣೊರೆಸಿಕೊಂಡು, ಕುಂಟುತ್ತಲೇ ಬಂದು ಇನ್ನೊಂದು ಸೌಟು ಬಡಿಸಿದ.

ನನ್ನ ಅರಿಕೆ ಇಷ್ಟೆ. ಅಕ್ಕ ನಾಳೆಗೂ ಅಂಥದ್ದೇ ಬೇಕೆಂದಿದ್ದಾಳೆ, ನಮ್ಮಲ್ಲಿದ್ದುದು ಅದೊಂದೇ. ನಿಮ್ಮ ಕಾಲದ ಕಥೆಗಾರರಿಗೆ ತಿಳಿಸಿ: ಓದುವವರು ಅತ್ತರೆ ಅಳಲಿ, ಸತ್ತವರನ್ನು ಎಬ್ಬಿಸಬೇಡಿ. ಉಳಿದವರು ಮರುದಿನ ಏನು ತಿಂದರು, ಯಾರನ್ನು ಬೈದರು, ಅದನ್ನು ಮಾತ್ರ ಬಿಡದೆ ಬರೆಯಿರಿ. ನಿಮಗೆ ಮೂರೂವರೆ ಶತಮಾನ ಕಾಲಾವಕಾಶವಿದೆ. ಆದರೂ ತಡಮಾಡಬೇಡಿ, ಅಕ್ಕನಿಗೆ ಹಸಿವಾಗಿದೆ.