ಮೊಮ್ಮಗಳಿಗೆ ಬಂದ ಸೋಪು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಆ ಊರಿನ ಚಳಿಗೆ ಕಾಲುಚೀಲ ಹಾಕಿಕೊಂಡು ಮಲಗುತ್ತೀರೋ ಇಲ್ಲವೋ? ಊಟ ಸೇರುತ್ತಿದೆಯೇ? ಹೋದ ಸಲ ಫೋನಿನಲ್ಲಿ "ಇಲ್ಲಿನ ಅಡುಗೆ ಬರೀ ಸಪ್ಪೆ ಕಣೇ, ಎಷ್ಟು ಉಪ್ಪು ಹಾಕ್ಕೊಂಡ್ರೂ ಸಪ್ಪೆ" ಎಂದಿರಲ್ಲ, ಅಮ್ಮ ಒಳಗೊಳಗೇ ಹಿಗ್ಗಿ, "ಈಗ ಗೊತ್ತಾಯ್ತಾ ನನ್ನ ಕೈರುಚಿ" ಎಂದು ದಿನವೆಲ್ಲ ಹೇಳಿಕೊಂಡು ಓಡಾಡಿದಳು. ನಾವೆಲ್ಲ ಚೆನ್ನಾಗಿದ್ದೇವೆ. ಮಗು ಈಗ ಕತ್ತು ನಿಲ್ಲಿಸುತ್ತಾಳೆ. ನಾನು ಮಾತ್ರ, ಅವಳು ಮಲಗಿದರೆ ಉಸಿರಾಡುತ್ತಿದ್ದಾಳೋ ಎಂದು ಬಗ್ಗಿ ನೋಡುತ್ತೇನೆ, ಎದ್ದರೆ ಯಾಕೆ ಎದ್ದಳು ಎಂದು ಗಾಬರಿಯಾಗುತ್ತೇನೆ. ನಿದ್ದೆ ನಮ್ಮ ಮನೆಗೆ ದೂರದ ನೆಂಟನಾಗಿಬಿಟ್ಟಿದೆ. "ಇಷ್ಟು ಓದಿದೋಳು ಇಷ್ಟು ಹೆದರಿದ್ರೆ ಹೇಗೆ" ಎಂದು ನಿಮ್ಮ ಅಳಿಯ ನಗುತ್ತಾರೆ. ಓದಿದ್ದಕ್ಕೇ ಅಲ್ಲವೇ ಹೆದರಿಕೆ. ಓದದಿದ್ದರೆ ಇಷ್ಟು ಕಾಯಿಲೆಗಳ ಹೆಸರು ನನಗೆಲ್ಲಿ ಗೊತ್ತಿರುತ್ತಿತ್ತು.

ಕಂಪನಿಯವರು ಇನ್ನೆರಡು ವರ್ಷ ಅಲ್ಲೇ ಇರಿ ಎನ್ನುತ್ತಿದ್ದಾರೆಂದು ಹೇಳಿ, "ನೀನು ಹೂಂ ಅಂದ್ರೆ ಇರ್ತೀನಿ, ಊಹೂಂ ಅಂದ್ರೆ ಬರ್ತೀನಿ" ಎಂದು ತೀರ್ಮಾನವನ್ನು ನನ್ನ ತಲೆಗೆ ಕಟ್ಟಿದ್ದೀರಿ. ಇದ್ದಬದ್ದ ನಿದ್ದೆಯೂ ಅದರಿಂದ ಹೋಯಿತು. ಫೋನಿನಲ್ಲಿ ಉತ್ತರ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುತ್ತಾಳೆ. ಅದಕ್ಕೇ ಈ ಕಾಗದ. ರಜೆ ಮುಗಿಸಿ ಹೊರಟಿರುವ ನಿಮ್ಮ ಕಾರ್ಖಾನೆಯ ಫಿಟ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ.

ಅಮ್ಮನನ್ನು ಕೇಳಿದರೆ, "ಇರಲಿ ಬಿಡು, ಅವರ ಮೊದಲನೇ ಹೆಂಡತಿ ಸೋಪು ಬೇಯಿಸೋ ಕಡಾಯಿ, ನಾನು ಎರಡನೆಯವಳು. ಅದನ್ನ ಕಿತ್ತು ಎಲ್ಲಿಗೆ ಸಾಗಿಸಿದ್ರೋ ಅಲ್ಲಿಗೇ ಹೋದ್ರು" ಎನ್ನುತ್ತಾಳೆ. ಹಾಗೆಂದವಳೇ ನಿಮ್ಮ ಅಂಗಿಗಳನ್ನು ಬಿಸಿಲಿಗೆ ಹಾಕಿ ಮತ್ತೆ ಮಡಿಸಿಡುತ್ತಾಳೆ. ಹಾಕಿಕೊಳ್ಳುವವರೇ ಇಲ್ಲದ ಅಂಗಿಗೆ ಬಿಸಿಲು ಯಾಕೋ.

ಮೊನ್ನೆ ಮಗುವನ್ನೆತ್ತಿಕೊಂಡು ನಿಮ್ಮ ಹಳೆಯ ಕಾರ್ಖಾನೆಯ ಬೀದಿಗೆ ಹೋಗಿದ್ದೆ. ಅಲ್ಲಿ ಈಗ ಏನೂ ಬೇಯುವುದಿಲ್ಲ ಅಪ್ಪಾ. ನೀವಿರುವ ಕಾರ್ಖಾನೆಯಿಂದಲೇ ಸೋಪು ಒಣ ಎಳೆಗಳಾಗಿ ಮೂಟೆಯಲ್ಲಿ ಬರುತ್ತದಂತೆ. ಇಲ್ಲಿ ಪರಿಮಳ ಬೆರೆಸಿ, ಅಚ್ಚೊತ್ತಿ, ಕಾಗದ ಸುತ್ತುವುದಷ್ಟೇ ಕೆಲಸ. ಬೀದಿಗೆ ವಾಸನೆಯೇ ಇಲ್ಲ. ನಾನು ಸ್ಕೂಲಿಗೆ ಹೋಗುವಾಗ ಆ ತಿರುವಿನಲ್ಲಿ ಮೂಗೆತ್ತಿದರೆ ಸಾಕು, ಇವತ್ತು ಗುಲಾಬಿ ಸೋಪೋ ನಿಂಬೆ ಸೋಪೋ ತಿಳಿಯುತ್ತಿತ್ತು. ಬರೀ ಕೊಬ್ಬು ಬೇಯುವ ದಿನ ಮೂಗು ಹಿಡಿದು ಓಡುತ್ತಿದ್ದೆವು. ನೀವು ಮನೆಗೆ ತರುತ್ತಿದ್ದದ್ದು ಅಚ್ಚು ಸರಿಯಾಗಿ ಬೀಳದ ಸೋಪುಗಳು. ಕಂಪನಿಯ ಹೆಸರಿನ ಮೊದಲಕ್ಷರ ಇದ್ದರೆ ಕೊನೆಯದಿರುತ್ತಿರಲಿಲ್ಲ. ಪೂರ್ತಿ ಹೆಸರಿದ್ದ ಸೋಪನ್ನು ನಾನು ಮೊದಲು ಕಂಡದ್ದು ಗೆಳತಿಯ ಮನೆಯಲ್ಲಿ. ಇದು ನಕಲಿ ಸೋಪು ಎಂದು ಅವಳ ತಾಯಿಗೆ ಹೇಳಿಬಂದಿದ್ದೆ.

ಗೇಟಿನ ಒಳಗೋಡೆಯ ಚಿತ್ರ ಇನ್ನೂ ಇದೆ, ಬಣ್ಣ ಉದುರಿದೆ. ಮಗುವಿಗೆ ನಿಮ್ಮ ಹಾಗೆಯೇ ಕಂಪನಿ ಹುಟ್ಟಿದ ಕಥೆ ಹೇಳಿದೆ. ಒಬ್ಬ ಅಣ್ಣ, ಒಬ್ಬಳು ತಂಗಿ. ಮಾಂಸದಂಗಡಿಗಳಲ್ಲಿ ಉಳಿದ ಕೊಬ್ಬು ತಂದು ಹಿತ್ತಿಲಲ್ಲಿ ಸೋಪು ಬೇಯಿಸಿದರು. ಆಗೆಲ್ಲ ಸೋಪೆಂದರೆ ಉದ್ದನೆಯ ದಿಮ್ಮಿ, ಅಂಗಡಿಯವನು ತಂತಿಯಲ್ಲಿ ಕೊಯ್ದು ತೂಗಿ ಕೊಡುತ್ತಿದ್ದ. ಕೈಗೊಪ್ಪುವಷ್ಟು ತುಂಡು ಮಾಡಿ, ಕಾಗದ ಸುತ್ತಿ, ಅದಕ್ಕೊಂದು ಹೆಸರಿಟ್ಟವಳು ತಂಗಿ. ಹೆಸರು ಹಡಗು ಹತ್ತಿತು. ದೇಶದೇಶದಲ್ಲಿ ಕಾರ್ಖಾನೆಗಳು ಎದ್ದವು, ಎದುರಾಳಿಗಳನ್ನೇ ಕೊಂಡರು. ಸೋಪಿನ ಹಿಂದೆ ಬಟ್ಟೆಯ ಪುಡಿ, ಹಲ್ಲಿನ ಪೇಸ್ಟು, ಚಹಾ ಎಲ್ಲ ಬಂದವು. ಗೋಡೆಯಲ್ಲಿ ಮಾತ್ರ ಅಣ್ಣನೊಬ್ಬನೇ ಕೋಟು ಹಾಕಿಕೊಂಡು ನಿಂತಿದ್ದಾನೆ. "ಬೇಯಿಸಿದೋನು ಗೋಡೆ ಮೇಲೆ, ಸುತ್ತಿದೋಳು ಗೋಡೆ ಹಿಂದೆ" ಎಂದು ನೀವು ಗೊಣಗುತ್ತಿದ್ದದ್ದನ್ನೂ ಬಿಡದೆ ಹೇಳಿದೆ. ಮಗು ಆಕಳಿಸಿದಳು.

ಅಲ್ಲಿ ನಿಂತಾಗ ಮಕ್ಕಳನ್ನು ಒಳಗೆ ಬಿಡುತ್ತಿದ್ದ ದಿನ ನೆನಪಾಯಿತು. ಮನೆಯಷ್ಟೆತ್ತರದ ಕಡಾಯಿ, ಅದರ ಸುತ್ತ ಮರದ ಅಟ್ಟ. ಕೊಬ್ಬಿಗೆ ಕಾಸ್ಟಿಕ್ ಸೋಡಾ ಸೇರಿ ಕುದಿದು, ಉಪ್ಪು ಬಿದ್ದ ಮೇಲೆ ಸೋಪು ಮೊಸರಿನಂತೆ ಮೇಲೆ ನಿಲ್ಲುತ್ತಿತ್ತು. ನೀವು ಒಂದು ಚೂರು ತೆಗೆದು ಆರಿಸಿ ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದಿರಿ. ಚುರುಕ್ ಎಂದರೆ ಕಾಸ್ಟಿಕ್ ಇನ್ನೂ ಉಳಿದಿದೆ, ಮೈಗೆ ಹಚ್ಚಿದರೆ ಉರಿಯುತ್ತದೆ. ನಾಲಿಗೆ ಸುಮ್ಮನಿದ್ದರೆ ಸೋಪು ಹದಕ್ಕೆ ಬಂತು. ಎಲ್ಲರೂ ಕೈಕಟ್ಟಿ ನಿಮ್ಮ ಮುಖ ನೋಡುತ್ತಿದ್ದರು. ನೀವು "ಹೂಂ" ಎಂದರೇ ಕಡಾಯಿಯಿಂದ ಸೋಪು ಇಳಿಯುತ್ತಿದ್ದದ್ದು. ಲ್ಯಾಬಿನ ಕಾಗದ ಆಮೇಲೆ ಬಂದು ಅದಕ್ಕೇ ತಲೆಯಾಡಿಸುತ್ತಿತ್ತು. "ನಾಲಿಗೆ ಮೇಷ್ಟ್ರ ಮಗಳು" ಎಂದು ನನ್ನನ್ನು ಎಷ್ಟು ಜನ ಎತ್ತಿ ಆಡಿಸಿದರೋ. ಆ ಚಾಳಿ ನನಗೂ ಅಂಟಿದೆ. ಮಗುವಿಗೆಂದು ಅಂಗಡಿಯಲ್ಲಿ ಸೋಪು ಕೊಂಡವಳು ಅಲ್ಲೇ ಕಾಗದ ಬಿಚ್ಚಿ ನಾಲಿಗೆಗೆ ಮುಟ್ಟಿಸಿದೆ. "ಅಮ್ಮಾ, ಬಿಸ್ಕತ್ತು ಪಕ್ಕದ ಸಾಲಲ್ಲಿದೆ" ಎಂದ ಅಂಗಡಿಯವನು.

ನೀವೇ ಸಣ್ಣ ಪಾತ್ರೆಯಲ್ಲಿ ಬೇಯಿಸಿ ಮೊಮ್ಮಗಳಿಗೆ ಕಳಿಸಿದ ಸೋಪು ತಲುಪಿತು. ಬಣ್ಣವಿಲ್ಲ, ಪರಿಮಳವಿಲ್ಲ, ಅಚ್ಚಿನ ಬದಲು ನಿಮ್ಮ ಹೆಬ್ಬೆಟ್ಟು. "ಮೇಷ್ಟ್ರು ನಾಲಿಗೆಗೆ ಹಚ್ಚಿ ನೋಡೇ ಕಟ್ಟಿಕೊಟ್ರು, ಕಣ್ಣು ಮುಚ್ಚಿ ಹಚ್ಚಿ" ಎಂದ ಫಿಟ್ಟರ್. ಅಮ್ಮ ಅದನ್ನು ಮನೆಮನೆಗೆ ತೋರಿಸಿಕೊಂಡು ಬಂದಳು. ಅಲ್ಲಿನ ಹುಡುಗರು ನಿಮ್ಮ ಸುತ್ತ ನಿಂತು ಮುಖ ನೋಡುತ್ತಾರಂತೆ, ಇಲ್ಲಿಯವರ ಹಾಗೆಯೇ. ಅದನ್ನು ಕೇಳಿದಾಗ, ಇರಲಿ, ಹೂಂ ಎಂದುಬಿಡೋಣ ಎಂದೇ ಅನ್ನಿಸಿತ್ತು.

ಮಗು ಎದ್ದಳು. ಅಮ್ಮ ನೆನಪು ಹೇಳಿದ್ದಾಳೆ. ಮೊಮ್ಮಗಳು ನಿಮ್ಮ ಫೋಟೋದ ಕನ್ನಡಕ ಕೀಳಲು ನೋಡುತ್ತಾಳೆ. ಅದನ್ನೇ ಅವಳ ನಮಸ್ಕಾರ ಎಂದುಕೊಳ್ಳಿ.

ನಿಮ್ಮ ಪ್ರೀತಿಯ,
ಮಗಳು

ಮತ್ತೆ: ಬರೆಯಲೋ ಬೇಡವೋ ಎಂದು ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಮಗುವಿಗೆ ಹಚ್ಚುವ ಮೊದಲು ನಿಮ್ಮ ಸೋಪನ್ನೂ ಚಾಳಿಯಂತೆ ನಾಲಿಗೆಗೆ ಮುಟ್ಟಿಸಿದೆ. ಚುರುಕ್ ಎಂದಿತು ಅಪ್ಪಾ. ಬಾಯಿ ತೊಳೆದು, ಅಂಗಡಿಯ ಸೋಪನ್ನೂ ನೋಡಿ, ಮತ್ತೆ ನಿಮ್ಮದನ್ನು ನೋಡಿದೆ. ಚುರುಕ್ ಎನ್ನುವುದು ನಿಮ್ಮದೇ. ಸಪ್ಪೆಯಾಗಿರುವುದು ಅಲ್ಲಿನ ಅಡುಗೆಯಲ್ಲ ಎಂದು ಆಗ ಹೊಳೆಯಿತು. ಮಗುವಿಗೆ ಮುಟ್ಟಿಸಿಲ್ಲ, ಗಾಬರಿಯಾಗಬೇಡಿ. ಅಮ್ಮನಿಗೆ ಹೇಳಿಲ್ಲ, ಇಂಥ ಸೋಪು ಕರಗಿಸಲು ಮನಸ್ಸು ಬಾರದೆಂದು ನೆಪ ಹೇಳಿ ಕಪಾಟಿನ ಮೇಲಿಟ್ಟಿದ್ದೇನೆ. ನನ್ನ ಉತ್ತರ ಊಹೂಂ. ಹೊರಡುವವರೆಗೆ ಲ್ಯಾಬಿನ ಕಾಗದ ಬರದೆ ಯಾವ ಕಡಾಯಿಗೂ ಹೂಂ ಎನ್ನಬೇಡಿ. ಇಲ್ಲಿ ಬಂದ ಮೇಲೆ ಇಬ್ಬರೇ ಡಾಕ್ಟರ ಹತ್ತಿರ ಹೋಗೋಣ. ಕಂಪನಿಯವರಿಗೆ ಏನು ಹೇಳಲಿ ಎಂದು ಯೋಚಿಸಬೇಡಿ. ಮಗಳು ಮಹಾ ಪುಕ್ಕಲಿ, ಅವಳಿಗೆ ನಿದ್ದೆಯಿಲ್ಲ, ಮಗು ಎತ್ತಿಕೊಳ್ಳಲು ಅಜ್ಜನೇ ಬೇಕೆಂದು ಹಟ ಹಿಡಿದಿದ್ದಾಳೆ ಎಂದುಬಿಡಿ. ಅದರಲ್ಲಿ ಸುಳ್ಳೇನೂ ಇಲ್ಲ.