ಅಳತೆ ದಿನದ ಮೇಲ್

ವರ್ಕ್‌ಶಾಪಿನ ಮೇಲಿನ ಕೋಣೆ,
ಮಾರ್ಚ್ ೪, ಬುಧವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ, ಸೊಸೆಯ ನಮಸ್ಕಾರಗಳು.

ನಿಮ್ಮ ಸೊಂಟದ ನೋವು ಹೇಗಿದೆ? ಮಗು ಹಾಸಿಗೆಯಲ್ಲಿ ಮಲಗಲು ಕಲಿತಿದೆಯೇ, ಇಲ್ಲಾ ಅಜ್ಜಿಯ ಹೆಗಲೇ ಹಾಸಿಗೆ ಎಂದು ತೀರ್ಮಾನ ಮಾಡಿಬಿಟ್ಟಿದೆಯೇ? ನಾದಿನಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳೆ ತಾನೇ? ಅವಳು ಹಸಿವನ್ನು ಮರೆಯುವವಳು, ನೀವು ನೋವನ್ನು ಮುಚ್ಚಿಡುವವರು. ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಿ. ಇಲ್ಲಿ ನಿಮ್ಮ ಮಗ ಚೆನ್ನಾಗಿದ್ದಾರೆ. ಚೆನ್ನಾಗಿದ್ದಾರೆ ಎಂದರೆ, ನನ್ನ ಜೊತೆ ಮಾತು ಕಡಿಮೆ, ಆದರೆ ಊಟ ಬಿಟ್ಟಿಲ್ಲ. ಫೋನ್ ಇರುವಾಗ ಇವಳು ಯಾಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡಿ. ನೀವು ಫೋನನ್ನು ಸ್ಪೀಕರಿಗೆ ಹಾಕಿ ಮಗುವನ್ನು ತೂಗುತ್ತೀರಿ. ಪಕ್ಕದಲ್ಲಿ ಬೀಗರು ಕೂತಿರುತ್ತಾರೆ. ಇದು ನೀವೊಬ್ಬರೇ ಓದಬೇಕಾದ ವಿಷಯ. ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಇನ್ನೂ ಆಗಿಲ್ಲ.

ಹೋದ ತಿಂಗಳ ಅಳತೆ ದಿನ ಹಾಳಾಯಿತು. ಫೋನಿನಲ್ಲಿ ನಿಮಗೆ 'ಸ್ವಲ್ಪ ಜನ ಕಡಿಮೆ' ಎಂದಿದ್ದೆ. ನಿಜ ಹೇಳಬೇಕೆಂದರೆ ಇಡೀ ದಿನಕ್ಕೆ ಮೂವರು. ನೀವಿದ್ದಾಗ ಹೇಗಿರುತ್ತಿತ್ತು! ಒಂದು ಪಾದ ದೊಡ್ಡದು ಒಂದು ಚಿಕ್ಕದು ಇರುವವರು, ಪಾದ ಊದಿಕೊಂಡವರು, ಒಂದು ಕಾಲು ಗಿಡ್ಡವಾಗಿರುವವರು ಬೂಟಿಗೆ ಅಳತೆ ಕೊಡಲು ದೂರದೂರದಿಂದ ಬಂದು ಮೆಟ್ಟಿಲ ಮೇಲೆಲ್ಲ ಕೂತಿರುತ್ತಿದ್ದರು. ಈ ಸಲ ಅಳತೆಯ ಹಲಗೆ, ಸೀಮೆಸುಣ್ಣ, ಟೇಪು ಎಲ್ಲ ಜೋಡಿಸಿಟ್ಟುಕೊಂಡು ನಾವು ಬಾಗಿಲು ನೋಡುತ್ತ ಕೂತೆವು. ವಾರದ ಮೇಲೆ ನಮ್ಮ ಹಳೆಯ ಗಿರಾಕಿ, ಆ ಬಸ್ ಕಂಡಕ್ಟರ್, ಫೋನ್ ಮಾಡಿ "ಏನ್ ಮೇಡಂ, ಹೇಳ್ದೆ ಕೇಳ್ದೆ ಅಂಗಡಿ ಮುಚ್ಚಿಬಿಟ್ರಾ?" ಎಂದರು. ಅಳತೆ ದಿನ ಯಾವತ್ತು ಎಂದು ತಿಳಿಸುವ ನಮ್ಮ ಇ-ಮೇಲ್ ಅವರಿಗೆ ಸಿಕ್ಕಿದ್ದು ಅಳತೆ ದಿನ ಕಳೆದ ಮೇಲೆ, ಸ್ಪ್ಯಾಮ್ ಪೆಟ್ಟಿಗೆಯಲ್ಲಿ, ಲಾಟರಿಯವರಿಗೂ ಬೋಳುತಲೆಗೆ ಕೂದಲು ಬರಿಸುವವರಿಗೂ ಮಧ್ಯೆ. ವಿಚಾರಿಸಿದರೆ ಮುಕ್ಕಾಲು ಜನರದ್ದೂ ಅದೇ ಕಥೆ.

ನಮ್ಮ ಹೊಲಿಗೆಯವರಲ್ಲಿ ಮುಖ್ಯಳಾದ ದೊಡ್ಡ ಹೊಲಿಗೆಯವಳಿಗೆ ಬ್ಯಾಗ್ ಫ್ಯಾಕ್ಟರಿಯಿಂದ ಕರೆ ಬಂದಿದೆ. ಅವಳು ಮುಚ್ಚಿಡಲಿಲ್ಲ, ನೇರ ನನ್ನ ಹತ್ತಿರವೇ ಬಂದಳು. "ಕೆಲ್ಸ ಇಲ್ದೆ ಸಂಬಳ ತಗೊಂಡು ಕೂರೋಕೆ ನಂಗಾಗಲ್ಲಕ್ಕಾ. ಈ ಸಲಾನೂ ಹಿಂಗೇ ಆದ್ರೆ ಹೋಗ್ತೀನಿ, ಬೇಜಾರ್ ಮಾಡ್ಕೋಬೇಡಿ" ಎಂದಳು. ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಲಿ? ಗಿಡ್ಡ ಕಾಲಿನ ಬೂಟಿಗೆ ಎತ್ತರ ಕೊಟ್ಟು, ಆ ಎತ್ತರ ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಅಂಚು ಹೊಲಿಯುವುದು ನೀವು ಅವಳೊಬ್ಬಳಿಗೇ ಕಲಿಸಿದ ವಿದ್ಯೆ. ಅವಳು ಹೋದರೆ ನಾವು ಬರೀ ಚಪ್ಪಲಿ ಅಂಗಡಿ.

ನಾನು ಕೈಕಟ್ಟಿ ಕೂತಿಲ್ಲ ಅತ್ತೆ. ಇ-ಮೇಲ್‌ನ ತಲೆಬರಹದಿಂದ 'ಇಂದೇ ಬನ್ನಿ', 'ವಿಶೇಷ ರಿಯಾಯಿತಿ' ಎಲ್ಲ ತೆಗೆದೆ. ಕೆಂಪು ಅಕ್ಷರ ತೆಗೆದೆ, ಫೋಟೋ ಕಡಿಮೆ ಮಾಡಿದೆ. ಈ ಮೇಲ್ ನಮ್ಮ ಹೆಸರಿನಲ್ಲಿ ಬೇರೆ ಯಾರೋ ಕಳಿಸಿದ್ದಲ್ಲ, ನಮ್ಮಿಂದಲೇ ಹೊರಟದ್ದು ಎಂದು ತೋರಿಸುವ ಗುರುತಿನ ಮುದ್ರೆಗಳನ್ನು ಸರಿಮಾಡಿಸಿದೆ. ಎರಡು ವರ್ಷದಿಂದ ನಮ್ಮ ಮೇಲ್ ತೆರೆದೇ ನೋಡದವರ ವಿಳಾಸ ತೆಗೆದುಹಾಕಿದೆ. ಬೇಡವೆನ್ನುವವರು ಸುಲಭವಾಗಿ ಹೊರಗೆ ಹೋಗಲಿ ಎಂದು ಅದರ ಕೊಂಡಿಯನ್ನು ಎಲ್ಲಕ್ಕಿಂತ ಮೇಲೆ ತಂದಿಟ್ಟೆ. ಕೊನೆಗೆ ಮೇಲ್ ಕಳಿಸಿಕೊಡುವ ಕಂಪನಿಯವರಿಂದಲೇ ಎಚ್ಚರಿಕೆ ಬಂತು: ನಿಮ್ಮ ಓದುಗರೇ ಕೈಯಾರೆ ನಿಮ್ಮನ್ನು ಸ್ಪ್ಯಾಮ್ ಎಂದು ಗುರುತು ಹಾಕುತ್ತಿದ್ದಾರೆ. ಸಾವಿರದಲ್ಲಿ ಮೂವರು ಹಾಗೆ ಮಾಡಿದರೇ ಅಪಾಯ, ನಿಮ್ಮದು ಅದರ ಮೂರು ಪಟ್ಟಿದೆ. ಇನ್ನೊಮ್ಮೆ ಹೀಗಾದರೆ ಖಾತೆ ಮುಚ್ಚುತ್ತೇವೆ. ಯಾರು ಗುರುತು ಹಾಕಿದರೆಂದು ಅವರಿಗೂ ತಿಳಿಯುವುದಿಲ್ಲವಂತೆ. ಎಷ್ಟು ಜನ ಎಂಬುದಷ್ಟೇ.

ಆಗ ನನ್ನ ತಲೆ ಅಡ್ಡದಾರಿ ಹಿಡಿಯಿತು. ನಿಮ್ಮ ಮಗ ಕಳೆದ ವರ್ಷ ಚರ್ಮದ ಮೇಳದಿಂದ ಒಂದು ಚೀಲ ವಿಸಿಟಿಂಗ್ ಕಾರ್ಡ್ ತಂದಿದ್ದರಲ್ಲ, ಆ ಅಪರಿಚಿತರನ್ನೆಲ್ಲ ನನಗೆ ಹೇಳದೆ ಮೇಲ್ ಕಳಿಸುವ ಪಟ್ಟಿಗೆ ಸೇರಿಸಿದ್ದಾರೆ, ಅವರೇ ಸಿಟ್ಟಿನಿಂದ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಂದುಕೊಂಡು ಸುಮ್ಮನಿದ್ದರೂ ಆಗುತ್ತಿತ್ತು. ಹೊಲಿಗೆಯವರ ಮುಂದೆಯೇ ಕೇಳಿಬಿಟ್ಟೆ. "ನಾನು ಚರ್ಮ ಕತ್ತರಿಸೋನು ಕಣೇ, ಕಂಡೋರ ವಿಳಾಸ ಕದಿಯೋನಲ್ಲ" ಎಂದು ಕತ್ತಿ ಕೆಳಗಿಟ್ಟು ಹೊರಗೆ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಆ ಕಾರ್ಡುಗಳು ಕಟ್ಟಿದ ದಾರ ಬಿಚ್ಚದೆ ಕಪಾಟಿನಲ್ಲೇ ಇವೆ. ನಿನ್ನೆ ಸಂಜೆ ನೋಡಿದೆ. ಕ್ಷಮೆ ಕೇಳಿದ್ದೇನೆ. 'ಹೂಂ' ಎಂದಿದ್ದಾರೆ. ನಿಮ್ಮ ಮಗನ 'ಹೂಂ' ಎಷ್ಟು ದಿನ ಬಾಳುತ್ತದೆ ಎಂದು ನಿಮಗೆ ಗೊತ್ತೇ ಇದೆ.

ನಿಜ ಸಂಗತಿ ನಿನ್ನೆಯೇ ಗೊತ್ತಾದದ್ದು. ನಿಮ್ಮ ವಾಕಿಂಗ್ ಗೆಳತಿ ನರ್ಸಮ್ಮನಿಗೆ ಹೊಸ ಜೋಡು ಕೊಡಲು ಹೋಗಿದ್ದೆ. ನಿವೃತ್ತಿಯಾದರೂ ಆಸ್ಪತ್ರೆಯ ಗತ್ತು ಹೋಗಿಲ್ಲ. ಕೂತುಕೋ ಎಂದರೆ ಕೂರಬೇಕು. ನಮ್ಮ ಇ-ಮೇಲ್ ವಿಷಯ ಎತ್ತಿದೆ. "ನಿಮ್ಮದು ಒಂದೂ ಬಿಡಲ್ಲ ಕಣೇ ನಾನು, ಕೊನೇ ಸಾಲಿನವರೆಗೂ ಓದ್ತೀನಿ" ಎಂದು ಫೋನ್ ಹಿಡಿದು ತೋರಿಸಿದರು. ಹೊಸದಾಗಿ ಬಂದಿದ್ದ ನಮ್ಮ ಮೇಲ್ ತೆರೆದರು, ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು, ಓದಿ ಮುಗಿಸಿ ಸ್ಪ್ಯಾಮ್ ಗುಂಡಿ ಒತ್ತಿದರು. ನನ್ನ ಕಣ್ಣೆದುರಿಗೇ! "ನೋಡು, ಭದ್ರವಾಗಿ ಒಳಗೆ ಹೋಯ್ತು. ಹೊರಗಡೆ ಬಿಟ್ರೆ ಮೊಮ್ಮಕ್ಕಳು ಅಳಿಸಿಬಿಡ್ತವೆ. ಈಗೀಗ ಕೆಲವು ಸಲ ನಾನು ಒತ್ತೋದೇ ಬೇಡ, ತಾನಾಗೇ ಹೋಗಿ ಕೂತಿರುತ್ತೆ. ಏನ್ ಬುದ್ಧಿ ಅಂತೀಯಾ ಈ ಫೋನಿಗೆ!" ಆ ಪೆಟ್ಟಿಗೆ ತೆರೆಸಿದೆ. ಅದು ತಿಂಗಳಿಗೊಮ್ಮೆ ತನ್ನಷ್ಟಕ್ಕೆ ಖಾಲಿಯಾಗುತ್ತದೆ. ಹಳೆಯದು ಒಂದೂ ಇರಲಿಲ್ಲ. ಅವರ ಮುಖ ಸಪ್ಪಗಾಯಿತು. "ನಾವೆಲ್ಲಾ ಹಿಂಗೇ ಮಾಡೋದು ಕಣಮ್ಮ" ಎಂದರು. ನಾವೆಲ್ಲ ಎಂದರೆ ಬೆಳಗಿನ ವಾಕಿಂಗಿನ ಇಡೀ ಬಳಗ, ಅವರವರ ತಂಗಿಯರು, ವಾರಗಿತ್ತಿಯರು.

ಬರುವಾಗ ದಾರಿಯುದ್ದಕ್ಕೂ ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ನಮ್ಮನ್ನು ಕಂಡರಾಗದವರನ್ನು ಹುಡುಕುತ್ತಿದ್ದೆ. ಸಿಕ್ಕಿದ್ದು ನಮ್ಮನ್ನು ಜೋಪಾನ ಮಾಡುತ್ತಿದ್ದವರು. ಯಂತ್ರಕ್ಕೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ? ಬೇಡವೆಂದರು ಎಂದಷ್ಟೇ ಬರೆದುಕೊಳ್ಳುತ್ತದೆ, ಕಂಡಕ್ಟರಿಗೆ ಕಳಿಸಿದ ಮೇಲನ್ನೂ ಕಸಕ್ಕೆ ತಳ್ಳುತ್ತದೆ. ಆ ಬಳಗದ ವಿಳಾಸಗಳನ್ನು ಅಳಿಸಿಹಾಕಿದರೆ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಐದು ನಿಮಿಷದ ಕೆಲಸ. ಆದರೆ ಕೊನೆಯ ಸಾಲಿನವರೆಗೆ ಓದುವವರನ್ನು ಹೊರಗೆ ಹಾಕಿ, ಓದಲಿ ಬಿಡಲಿ ಎಂದು ಸುಮ್ಮನಿರುವವರನ್ನು ಒಳಗಿಟ್ಟುಕೊಳ್ಳುವುದು ಯಾವ ನ್ಯಾಯ? ಇದು ನ್ಯಾಯದ ಮಾತೋ, ಇನ್ನೊಂದು ಮಾತನ್ನು ಹೇಳಲು ನನಗಿರುವ ಅಳುಕೋ, ನನಗೇ ಸರಿಯಾಗಿ ತಿಳಿಯುತ್ತಿಲ್ಲ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಸೊಂಟಕ್ಕೆ ಪಟ್ಟಿ ಕಟ್ಟದೆ ಮಗುವನ್ನು ಎತ್ತಬೇಡಿ. ಬೀಗರಿಗೆ ನನ್ನ ನಮಸ್ಕಾರ, ನಾದಿನಿಗೆ ಪ್ರೀತಿ, ಮಗುವಿನ ಎರಡೂ ಪಾದಗಳಿಗೆ ಒಂದೊಂದು ಮುತ್ತು.

ನಿಮ್ಮ ಆಶೀರ್ವಾದ ಬೇಡುವ,
ಸೊಸೆ

ಕವರ್ ಅಂಟಿಸುವ ಮುಂಚೆ: ಅತ್ತೆ, ಅವರಿಗೆಲ್ಲ ಆ ಗುಂಡಿ ತೋರಿಸಿಕೊಟ್ಟವರು ನೀವಂತೆ. "ನಿಮ್ಮತ್ತೆ ಪಾರ್ಕಿನ ಬೆಂಚ್ ಮೇಲೆ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಕಲಿಸಿದ್ರು" ಎಂದರು ನರ್ಸಮ್ಮ. ನಿಮ್ಮ ಮಗ "ಅಮ್ಮಂಗೆ ಹೇಳ್ಬೇಡ, ವಿಳಾಸ ತೆಗೆದುಬಿಡು" ಎನ್ನುತ್ತಾರೆ. ತೆಗೆಯಲು ಕೂತೆ, ಮೊದಲು ಕಂಡದ್ದು ನಿಮ್ಮದೇ ವಿಳಾಸ, ಕೈ ಬರಲಿಲ್ಲ. ಆ ಬಳಗದವರಿಗೆ ನಾನು ತಿದ್ದಿ ಹೇಳಿದರೆ ಸೊಸೆ ಅತ್ತೆಯ ತಪ್ಪು ಸಾರಿಕೊಂಡು ಬಂದಳು ಎಂದಾಗುತ್ತದೆ. ಅದಕ್ಕೇ ನೀವೇ ಒಬ್ಬೊಬ್ಬರಿಗೂ ಫೋನ್ ಮಾಡಿ. ಆ ಪೆಟ್ಟಿಗೆಯಲ್ಲಿ ಉಳಿದಿರುವ ನಮ್ಮ ಮೇಲ್ ತೆರೆದು 'ಇದು ಸ್ಪ್ಯಾಮ್ ಅಲ್ಲ' ಎಂಬುದನ್ನು ಒತ್ತಲು ಹೇಳಿ. ನೀವೂ ಒತ್ತಿ. ಫೋನಿನವರು ಗುಂಡಿಯ ಕೆಲಸವನ್ನೇ ಬದಲಾಯಿಸಿಬಿಟ್ಟಿದ್ದಾರೆ ಎಂದುಬಿಡಿ; ನನ್ನನ್ನು ಯಾರು ಕೇಳಿದರೂ ಹೌದು ಎನ್ನುತ್ತೇನೆ. ಸೋಮವಾರ ಅಳತೆ ದಿನದ ಮೇಲ್ ಹೋಗಬೇಕು. ನಿಮ್ಮಿಂದ 'ಆಯ್ತು' ಎಂಬ ಮಾತು ಬರುವವರೆಗೆ ನಾನು ಕಳಿಸುವುದಿಲ್ಲ. ಅಲ್ಲಿಯವರೆಗೆ ಫ್ಯಾಕ್ಟರಿಗೆ ಒಪ್ಪಿಗೆ ಹೇಳಬೇಡ ಎಂದು ದೊಡ್ಡ ಹೊಲಿಗೆಯವಳನ್ನು ಕೇಳಿಕೊಂಡಿದ್ದೇನೆ. ಯಾಕೆಂದು ಅವಳಿಗೆ ಹೇಳಿಲ್ಲ.