ಹಿಂದಿನ ಬೆಂಚಿನ ಪಾತ್ರ ಪರಿಚಯ

ನಾರಾಯಣಗೂಡ, ಹೈದರಾಬಾದ್
೧೮ ಆಗಸ್ಟ್ ೨೦೦೪, ಬುಧವಾರ

ಕಟ್ಟೆಯ ಮೇಲೆ ಕೂತವರೇ, ಬಾಗಿಲಿಗೆ ಒರಗಿದವರೇ, ಈ ಪತ್ರ ಓದುತ್ತಿರುವ ಶಿವದೇವಿ ವೈನಿಯವರೇ, ಎಲ್ಲರ ನಡುವೆ ಕಿವಿಗೆ ಕೈ ಹಚ್ಚಿ ಕೂತ ನನ್ನ ಪ್ರೀತಿಯ ಅವ್ವಾ! ಗದ್ದಲ ನಿಲ್ಲಲಿ, ಪರದೆ ಸರಿಯಲಿ!

ಅವ್ವಾ, ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ಬಾಟಲಿಯನ್ನು ಗೂಡಿನಲ್ಲಿಟ್ಟು ಪೂಜೆ ಮಾಡುತ್ತೀಯೋ? ನನ್ನ ಮೈ ಗಟ್ಟಿಯಾಗಿದೆ, ತಲೆ ಮಾತ್ರ ಸಿಡಿದು ಹೋಳಾಗಿದೆ. ಈ ಊರಿಗೆಲ್ಲ ಕಂಪ್ಯೂಟರ್ ಜ್ವರ ಬಂದಿದೆ. ಆ ಜ್ವರದ ನಡುವೆ ನಮ್ಮ ಕಾಲೇಜಿನವರು ನನಗೊಂದು ಕೆಲಸ ಕೊಟ್ಟಿದ್ದಾರೆ. ಪಿಎಚ್‌.ಡಿ. ಮಾಡುವ ಹುಡುಗರು ಮೊದಲ ವರ್ಷದವರಿಗೆ ಗಣಿತ ಹೇಳಬೇಕು. ಹೇಗೆ ಹೇಳಬೇಕೆಂದು ಆ ಹುಡುಗರಿಗೆ ನಾನು ಕಲಿಸಬೇಕು. ಒಂದೇ ಕೋಣೆಯಲ್ಲಿ ತೆಲುಗಿನಲ್ಲಿ ಓದಿದವರು, ಉರ್ದುವಿನಲ್ಲಿ ಓದಿದವರು, ನಮ್ಮ ಕಡೆಯ ಕನ್ನಡ ಸಾಲೆಯವರು, ಮುಂದಿನ ಎರಡು ಬೆಂಚಿಗೆ ಇಂಗ್ಲಿಷ್ ಗಿಳಿಗಳು. ಆ ಪಿಎಚ್‌.ಡಿ. ಹುಡುಗರಲ್ಲೊಬ್ಬ, ನನ್ನ ಶಿಷ್ಯ ವೈಭವ, ಆ ಗಿಳಿಗಳಿಗಷ್ಟೇ ಪಾಠ ಹೇಳುತ್ತಿದ್ದ. ನಾಟಕ ಕಂಪನಿಯಲ್ಲಿದ್ದಾಗ ನೀನು ಹೇಳುತ್ತಿದ್ದ ಮಾತನ್ನೇ ನಾನು ಗರ್ಜಿಸಿದೆ: “ಕುರ್ಚಿ ಮ್ಯಾಗಿನವ್ರಿಗಷ್ಟ ಹಾಡಬ್ಯಾಡೋ, ನೆಲದ ಮ್ಯಾಲ ಕುಂತವ್ರೂ ಟಿಕೀಟ್ ತಗೊಂಡಾರ!”

ಆ ಮಹಾಶಯ ಮಾಡಿದ್ದೇನು ಗೊತ್ತೇ? ಸೋಮವಾರ ಹಿಂದಿನ ಬೆಂಚಿನವರನ್ನು ಒಬ್ಬೊಬ್ಬರಾಗಿ ಮುಂದೆ ಕರೆದು ನಿಲ್ಲಿಸಿದ. ಯಾದಗಿರಿ ಕಡೆಯ ಸಾಬಮ್ಮ ಎಂಬ ಹುಡುಗಿಯ ಸರದಿ ಬಂದಾಗ, ಇವಳ ತಂದೆತಾಯಿ ಉಪ್ಪಲ್‌ನಲ್ಲಿ ಕಟ್ಟಡದ ಕೂಲಿ ಮಾಡುತ್ತಾರೆ, ಇವಳಿಗೆ ಇಂಗ್ಲಿಷ್ ಬರುವುದಿಲ್ಲ, ಎಲ್ಲರೂ ಸಹಾಯ ಮಾಡಿರಿ ಎಂದು ಸಾರಿ ಚಪ್ಪಾಳೆ ಬೇರೆ ಹೊಡೆಸಿದ! ಅವನು ಬೋರ್ಡಿನ ಮೇಲೆ ಲೆಕ್ಕ ಮುಗಿಸುವಷ್ಟರಲ್ಲಿ ಉತ್ತರ ಬರೆದಿಟ್ಟು ಕೂರುವ ಹುಡುಗಿ ಅವಳು. ಅಂದು ತಲೆ ತಗ್ಗಿಸಿ ಹೋದವಳು ಮತ್ತೆ ಬಂದಿಲ್ಲ. ಶುಕ್ರವಾರದೊಳಗೆ ಬರದಿದ್ದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಸ್ಟಾಫ್ ರೂಮಿನ ಕಿಟಕಿ ಅದುರುವಂತೆ ವೈಭವನನ್ನು ಬೈದೆ. ಅವನು ಒಂದೇ ಒಂದು ಮಾತಾಡಿದ. ಅದು ಈ ಸಭೆಯಲ್ಲಿ ಬೇಡ.

ಹಿರಿಯರಿಗೆ ಶರಣು, ಕಿರಿಯರಿಗೆ ಹರಕೆ, ಕಟ್ಟೆಯ ಮೇಲೆ ನಿದ್ದೆ ಹೋದವರಿಗೆ ಕ್ಷಮೆ.

ನಿನ್ನ ಮಗ,
ಶಿವಶರಣಪ್ಪ

ತಾ.ಕ.: ವೈನಿ, ಇದನ್ನು ಅವ್ವನೊಬ್ಬಳಿಗೇ ಓದಿರಿ. ಅವ್ವಾ, ವೈಭವ ಅಂದದ್ದು ಇಷ್ಟು: “ಸರ್, ನೀವ ಹೇಳಿದ್ರಲ್ರೀ, ಕಂಪನಿಯೊಳಗ ನಾಟಕ ಶುರು ಆಗೂದ್ಕ ಮೊದಲ ಪಾತ್ರ ಪರಿಚಯ ಮಾಡಸ್ತಿದ್ರು ಅಂತ? ಹಂಗ ಮಾಡೀನ್ರಿ.” ಹೌದು, ನಾನೇ ಕುಣಿದು ಕುಣಿದು ಹೇಳಿಕೊಟ್ಟಿದ್ದೆ. ನೀನು ಮೊದಲ ಸಲ ಬಣ್ಣ ಹಚ್ಚಿದಾಗ ಮ್ಯಾನೇಜರ್ “ನಿನ್ನಿತನಕ ನಮ್ಮ ಕಂಪನ್ಯಾಗ ರೊಟ್ಟಿ ಬಡಿಯಾಕಿ, ಇವತ್ತ ರಾಣಿ!” ಎಂದು ಕೂಗಿದ್ದನಲ್ಲ, ಆ ಚಪ್ಪಾಳೆಯ ಕಥೆಯನ್ನೂ ಹೇಳಿದ್ದೆ. ಆಮೇಲೆ ಪರದೆಯ ಹಿಂದೆ ಬಣ್ಣ ಒರೆಸುತ್ತ ನೀನು ಅಂದದ್ದನ್ನು ಮಾತ್ರ ಮರೆತಿದ್ದೆ: “ರಾಣಿ ಆಗಾಕ ಬಂದಿದ್ನೋ ಮಗನ, ಅಂವ ಮತ್ತ ಒಲಿ ಮುಂದ ಕುಂದ್ರಿಸಿದ.” ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ವೈಭವನನ್ನು ಕರೆದುಕೊಂಡು ಉಪ್ಪಲ್‌ಗೆ ಹೋಗುತ್ತೇನೆ. ಸಾಬಮ್ಮನ ಗುಡಿಸಲ ಮುಂದೆ ನಿಂತು ತಪ್ಪಾಯಿತು ಎನ್ನುತ್ತೇನೆ, ಪಕ್ಕದ ಗುಡಿಸಲಿಗೂ ಕೇಳದಷ್ಟು ಮೆಲ್ಲಗೆ.